ಫಕೀರವ್ವನ ತವರು

ತುಂಗಭದ್ರೆಯ ಈಚೆ ದಡದಲ್ಲಿ ಹುಲಿಗಟ್ಟಿ, ಆಚೆ ದಡದಲ್ಲಿ ಕಡವಿನಾಳ. ಬೇಸಿಗೆಯಲ್ಲಿ ನೀರು ಇಳಿದಾಗ ಎರಡರ ನಡುವೆ ಅಗಲವಾದ ಹಾಸುಗಲ್ಲೊಂದು ಮೇಲೆ ಕಾಣುತ್ತದೆ. ಒಂದು ಪಂಕ್ತಿ ಊಟಕ್ಕೆ ಕೂರುವಷ್ಟು ವಿಶಾಲ. ಮೂಲೆಯಲ್ಲಿ ಬೋಗುಣಿಯಂಥ ತಗ್ಗು. ಇದು ಯಾವ ಊರಿನ ಕಲ್ಲೆಂದು ಹೊಸಬರು ಕೇಳಿದರೆ, ಹರಿಗೋಲು ನಡೆಸುವವನು ನಕ್ಕು "ಫಕೀರವ್ವನ ತವರು" ಎನ್ನುತ್ತಾನೆ. ಕಲ್ಲು ಹೇಗೆ ತವರಾಯಿತೆಂಬ ಕಥೆ ಹೊಳೆ ದಾಟುವಷ್ಟರಲ್ಲಿ ಮುಗಿಯುವಂಥದಲ್ಲ. ಅದಕ್ಕೆ ದಡದ ಹಿರಿಯರ ಬಳಿ ಕೂರಬೇಕು.

ಹಿಂದೆ ಒಮ್ಮೆ ಎರಡೂ ಊರಿಗೆ ಫಕೀರವ್ವ ಒಬ್ಬಳೇ ಸೂಲಗಿತ್ತಿಯಾಗಿದ್ದಳು. ಎಳೆಗೂಸಾಗಿದ್ದಾಗ ಅವಳನ್ನು ಯಾರೋ ಹೊಳೆದಂಡೆಯ ಮಠದ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದರು. ಮಠದ ಅಯ್ಯನವರೇ ಹೆಸರಿಟ್ಟು ಸಾಕಿದರು. ಆ ಹೆಣ್ಣು ಎಂಥ ಗಟ್ಟಿಗಿತ್ತಿಯಾಗಿ ಬೆಳೆದಳೆಂದರೆ, ಹೆರಿಗೆ ಎಂಬ ಸುದ್ದಿ ಬಂದರೆ ಸಾಕು, ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ತುಂಬಿದ ಹೊಳೆಗೂ ಧುಮುಕುತ್ತಿದ್ದಳು. ಒಮ್ಮೆ ಮೊಸಳೆಯನ್ನು ಬೈದು ದಾರಿ ಬಿಡಿಸಿಕೊಂಡಳು ಎನ್ನುತ್ತಾರೆ. ಅವಳ ಬಾಯಿ ಬಲ್ಲವರಾರೂ ಅದನ್ನು ಅನುಮಾನಿಸಲಿಲ್ಲ. ಅವಳು ಬಂದ ಮನೆಯಲ್ಲಿ ಕೂಸಿನ ಅಳುವಿಗಿಂತ ಮೊದಲು ಅವಳ ನಗು ಕೇಳುತ್ತಿತ್ತು. ತವರಿನವರು ಮಗಳಿಗೆ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆಯಿಟ್ಟು ಉಡಿ ತುಂಬುವ ಹೊತ್ತಿಗೆ ಮಾತ್ರ ಆಕೆ ಹಿತ್ತಲಿಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಅವಳ ಉಡಿಗೆ ಹಿಡಿ ಅಕ್ಕಿ ಹಾಕಿದವರು ಯಾರೂ ಇರಲಿಲ್ಲ.

ಒಂದು ಬೇಸಿಗೆ, ಹಾಸುಗಲ್ಲಿನ ಸುತ್ತಲ ಮಡುವಿನ ಮೀನಿಗಾಗಿ ಎರಡೂ ಊರಿಗೆ ಎಣ್ಣೆ ಸೀಗೆಕಾಯಿಯಾಯಿತು. ಕಲ್ಲು ನಮ್ಮದೆಂದು ಇವರು, ಅಲ್ಲ ನಮ್ಮದೆಂದು ಅವರು. ಕೊನೆಗೆ ಒಬ್ಬರ ನೆಲವನ್ನು ಇನ್ನೊಬ್ಬರು ಮೆಟ್ಟಬಾರದೆಂದು ಕಟ್ಟಳೆಯಾಯಿತು. ಹರಿಗೋಲುಗಳು ದಡದಲ್ಲಿ ಬೋರಲು ಬಿದ್ದವು. ಯಾವ ಊರಿನವಳೂ ಅಲ್ಲದ ಫಕೀರವ್ವನಿಗೆ ಮಾತ್ರ ಆ ಕಟ್ಟಳೆ ತಗಲಲಿಲ್ಲ. ಆಗ ಕಡವಿನಾಳದ ಮಗಳು ನಿಂಬೆವ್ವ ಹುಲಿಗಟ್ಟಿಯ ರುದ್ರಗೌಡನ ಸೊಸೆಯಾಗಿದ್ದಳು. ಚೊಚ್ಚಲ ಬಸುರಿ, ದಿನ ತುಂಬಿದ್ದವು. ಅವಳು ತವರಿಗೆ ಹೋಗುವಂತಿಲ್ಲ, ತಾಯಿ ಇಲ್ಲಿಗೆ ಬರುವಂತಿಲ್ಲ. "ಅವ್ವನ ಮಾರಿ ನೋಡದ ನಾ ಉಳಿಯಂಗಿಲ್ಲ" ಎಂದು ಹುಡುಗಿ ಊಟ ಬಿಟ್ಟು ಕೂತಳು. ಧೈರ್ಯಗೆಟ್ಟ ಬಸುರಿಯ ಹೆರಿಗೆ ಕೈಮೀರಬಹುದೆಂದು ಫಕೀರವ್ವನಿಗೆ ದಿಗಿಲಾಯಿತು. ಇರುವ ಅವ್ವನನ್ನೂ ಒಂದು ಕಲ್ಲಿಗಾಗಿ ಇಲ್ಲದಂತೆ ಮಾಡುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ನೆಟ್ಟಗೆ ಗೌಡನ ಪಡಸಾಲೆಗೆ ಹೋಗಿ ನಿಂತಳು.

"ಗೌಡ್ರ, ಹೊಳಿಯಾಗಿನ ಹಾಸಗಲ್ಲ ಯಾರದು?"

"ನಮ್ಮದು! ಜೀವ ಹೋದರೂ ನಮ್ಮದ!"

"ಹಂಗಾರ ನಿಮ್ಮ ಸೊಸಿ ನಿಮ್ಮ ನೆಲದ ಮ್ಯಾಲೇ ಹಡೀಲಿ. ಅಲ್ಲಿಗೆ ಕರಕೊಂಡ ಹೊಂಟೀನಿ."

ಬೇಡವೆಂದರೆ ಕಲ್ಲು ಬಿಟ್ಟುಕೊಟ್ಟ ಹಾಗೆ. ಗೌಡ ಮೀಸೆಯೊಳಗೇ ಗೊಣಗುತ್ತ ಹರಿಗೋಲು ಇಳಿಸಲು ಹೇಳಿದ. ಫಕೀರವ್ವ ಈಜಿ ಆಚೆ ದಡ ಸೇರಿ ಕಡವಿನಾಳದವರಿಗೂ ಅದೇ ಪ್ರಶ್ನೆ ಕೇಳಿದಳು, ಅದೇ ಉತ್ತರ ಪಡೆದಳು. "ಹಂಗಾರ ನಿಮ್ಮ ಮಗಳು ತವರಿಗೆ ಬರಾಕತ್ಯಾಳ. ಅವ್ವನ್ನ ಕಳಸ್ರಿ" ಎಂದಳು.

ನಿಂಬೆವ್ವನ ಹರಿಗೋಲು ಸುಳಿಗೆ ಸಿಕ್ಕಿ ಗಿರಗಿರ ತಿರುಗಿದಾಗ ಎರಡೂ ದಡಗಳು ಕೂಗಿಕೊಂಡವು. ಹುಡುಗಿಯ ತಾಯಿಯೊಡನೆ ಆಗಲೇ ಕಲ್ಲು ಸೇರಿದ್ದ ಫಕೀರವ್ವ ನೀರಿಗೆ ಹಾರಿ, ಭುಜ ಕೊಟ್ಟು ನೂಕಿ ಅದನ್ನು ಕಲ್ಲಿಗೆ ಹಚ್ಚಿದಳು. ಎರಡೂ ಊರಿನ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ನಿಂಬೆವ್ವ ತಾಯಿಯ ತೊಡೆಗೆ ಒರಗಿ ಸುಖವಾಗಿ ಹೆಣ್ಣುಕೂಸು ಹೆತ್ತಳು. ಕಲ್ಲಿನ ಮೂಲೆಯ ತಗ್ಗಿನಲ್ಲಿ ಬಿಸಿಲಿಗೆ ಬೆಚ್ಚಗಾಗಿದ್ದ ನೀರಿನಿಂದ ಫಕೀರವ್ವ ಕೂಸಿನ ಮೈ ತೊಳೆದಳು. ಅಳು ಕೇಳಿದ್ದೇ ತಡ, ರುದ್ರಗೌಡ ಧೋತ್ರ ಎತ್ತಿಕಟ್ಟಿ ನೀರಿಗಿಳಿದ; ಆಚೆಯಿಂದ ಅವನ ಬೀಗರೂ ಇಳಿದರು.

"ನಮ್ಮ ಕಲ್ಲಿಗೆ ಬಂದೀರಿ ಗೌಡ್ರ, ಬೆಲ್ಲ ತಿನ್ರಿ" ಎಂದರು ಬೀಗರು.

"ನಮ್ಮ ಕಲ್ಲಿಗೆ ನೀವ ಬಂದೀರಿ" ಎಂದು ಗೌಡ ಬೆಲ್ಲ ಬಾಯಿಗೆ ಹಾಕಿಕೊಂಡ. ನಗುವಿನಲ್ಲಿ ಜಗಳ ಕರಗಿತು.

ನಿಂಬೆವ್ವನ ತಾಯಿ ಮಗಳಿಗೆ ಉಡಿ ತುಂಬಿ ತಲೆಯೆತ್ತಿದಾಗ ಫಕೀರವ್ವ ಕಲ್ಲಿನ ಅಂಚಿನಲ್ಲಿ ಬೆನ್ನು ಮಾಡಿ ನಿಂತಿದ್ದಳು. ಸುತ್ತಲೂ ನೀರು, ಹೋಗಲು ಎಲ್ಲೂ ಎಡೆಯಿರಲಿಲ್ಲ. "ಇಲ್ಲಿ ಹಿತ್ತಲ ಇಲ್ಲಬೇ ಯವ್ವಾ" ಎಂದಳು ಆ ತಾಯಿ. "ಬಾ, ಉಡಿ ಒಡ್ಡು." ಮೊಸಳೆಗೆ ಅಂಜದವಳು ಸೆರಗೊಡ್ಡಿ ಗಳಗಳ ಅತ್ತಳು ಎನ್ನುತ್ತಾರೆ.

ಇಂದಿಗೂ ಬೇಸಿಗೆಯಲ್ಲಿ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳು ಹರಿಗೋಲನ್ನು ಇಲ್ಲಿ ನಿಲ್ಲಿಸುತ್ತಾರೆ. ಫಕೀರವ್ವನ ಉಡಿಗೆಂದು ಅವರಿಟ್ಟ ಅಕ್ಕಿ, ಅರಿಸಿನ, ಹಸಿರು ಕುಬಸದ ಬಟ್ಟೆ ತಗ್ಗಿನಲ್ಲಿ ಕಾಣುತ್ತವೆ. ನೀರಿಗೆ ಚೆಲ್ಲಿದ ಅಕ್ಕಿಗೆ ಮೀನುಗಳು ಮುತ್ತುತ್ತವೆ. ಕಲ್ಲು ಯಾವ ಊರಿನದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಫಕೀರವ್ವ ಯಾವ ಊರಿನವಳೆಂದು ಕೇಳಿದರೆ ಮಾತ್ರ ಎರಡೂ ದಡದವರು "ನಮ್ಮ ಮಗಳು" ಎನ್ನುತ್ತಾರೆ.