ಪೀಠ ನೋಡದೆ ಕೊಟ್ಟ ಪ್ರೊಸೆಸರ್

"ತಿಳಿಯಹೇಳಿದರೂ ಕೇಳದೆ ಒಬ್ಬನು ಕೆಟ್ಟರೆ, ಹೇಳಿದವನಿಗೆ ಅದರ ದೋಷ ತಟ್ಟುವುದೇ?" ಎಂದು ಮುರಿಗೆಯ್ಯನು ಗುರುವನ್ನು ಕೇಳಿದನು. ಅವನು ಸಿಟ್ಟಿನಲ್ಲಿದ್ದನು.

ಅವನ ಸಹಪಾಠಿ ಚೆನ್ನವೀರನು ಮರುದಿನ ಹಿರಿಯರ ಸಭೆಯಲ್ಲಿ ಮೊದಲ ಬಾರಿಗೆ ಶಾಸ್ತ್ರಾರ್ಥ ಹೇಳುವವನಿದ್ದನು. ಹೇಳಹೊರಟ ಅರ್ಥವು ಬುಡದಲ್ಲೇ ತಪ್ಪಿತ್ತು. ಮುರಿಗೆಯ್ಯನು ಅದನ್ನು ತೋರಿಸಹೋದಾಗ, "ಮೊದಲು ನಿನ್ನ ಮೂಗು ಒರೆಸಿಕೋ, ಆಮೇಲೆ ನನ್ನನ್ನು ತಿದ್ದುವೆಯಂತೆ" ಎಂದು ಚೆನ್ನವೀರನು ಎಲ್ಲರೆದುರು ನಗೆಯಾಡಿದ್ದನು. ನಾಳೆ ಅವನ ಮಾನ ಹೋದರೆ ಹೋಗಲಿ, ತಾನು ಮತ್ತೆ ಬಾಯಿ ಬಿಡುವುದಿಲ್ಲವೆಂದು ಮುರಿಗೆಯ್ಯನು ನಿಶ್ಚಯಿಸಿ ಬಂದಿದ್ದನು.

ಗುರುವು ಈ ಕತೆಯನ್ನು ಹೇಳಿದನು.

ನೇಕಾರರ ಊರಿನಲ್ಲಿ ಒಬ್ಬ ವರ್ತಕನಿದ್ದನು. ಹಳೆಯ ಕಂಪ್ಯೂಟರುಗಳ ಬಿಡಿಭಾಗಗಳನ್ನು ಮಾರುವುದು ಅವನ ವೃತ್ತಿ. ಪ್ರೊಸೆಸರ್ ಕೂರುವ ಪೀಠವನ್ನು ಸಾಕೆಟ್ ಎನ್ನುತ್ತಾರೆ. ಆ ಸಾಕೆಟ್ ಯಾವ ಬಗೆಯದೆಂದು ತಿಳಿಯದೆ ಅವನು ಯಾರಿಗೂ ಪ್ರೊಸೆಸರನ್ನು ಕೊಡುತ್ತಿರಲಿಲ್ಲ. ಅದು ಅವನ ಅಂಗಡಿಯ ನೇಮ.

ಒಂದು ಬೆಳಗ್ಗೆ ಒಬ್ಬ ನೇಕಾರನು ಬಂದನು. ಅವನ ಮಗ್ಗವನ್ನು ನಡೆಸುವ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಸುಟ್ಟುಹೋಗಿತ್ತು. ಆ ಮಗ್ಗವು ಹೊಸ ಕಂಪ್ಯೂಟರಿನ ಮಾತನ್ನು ಕೇಳದು. ಮಗ್ಗ ನಿಂತರೆ ಮನೆ ನಿಂತಂತೆ. ಬರುವಾಗಲೇ ಅವನ ಮುಖ ಕೆಂಪೇರಿತ್ತು. ಪ್ರೊಸೆಸರಿನ ಹೆಸರು ಹೇಳಿ ಕೈ ಚಾಚಿದನು.

"ಆ ಹೆಸರಿನವು ಎರಡು ಬಗೆ ಬಂದಿವೆ, ಯಜಮಾನರೇ" ಎಂದನು ವರ್ತಕನು. "ಮೇಲೆ ನೋಡಿದರೆ ಅವಳಿ ಮಕ್ಕಳು. ಅಡಿಯ ಸೂಜಿಗಾಲುಗಳು ಮಾತ್ರ ಬೇರೆ. ಸುಟ್ಟದ್ದನ್ನಾದರೂ ತನ್ನಿರಿ, ತಿರುವಿ ನೋಡೋಣ. ಇಲ್ಲವೇ ಸಾಕೆಟ್ಟಿನ ಅಂಚನ್ನು ನೋಡಿ ಬನ್ನಿರಿ. ಅದರ ಗುರುತು ಅಲ್ಲೇ ಅಚ್ಚಾಗಿರುತ್ತದೆ."

"ಹೆಸರು ಹೇಳಿದೆನಲ್ಲ, ಇನ್ನು ಅದರ ಜಾತಕವನ್ನೂ ತರಬೇಕೇನೋ? ಗುಜರಿ ಮಾರುವವನಿಗೆ ಎಷ್ಟು ಜಂಭ! ಕೊಡುವುದಿದ್ದರೆ ಕೊಡು, ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಮಲಗು."

ಅಂಗಡಿಯಲ್ಲಿದ್ದವರು ನಕ್ಕರು. ವರ್ತಕನ ಕಿವಿ ಬಿಸಿಯಾಯಿತು. ಅವನ ಹಿಂದಿನ ಹಲಗೆಯ ಮೇಲೆ ಎರಡು ಬಗೆಯವೂ ಇದ್ದವು. ಆ ಕೇರಿಯ ಮಗ್ಗಗಳಲ್ಲಿ ಹೆಚ್ಚಿನವು ಯಾವ ಬಗೆಯವೆಂಬುದನ್ನೂ ಅವನು ಬಲ್ಲವನೇ. ಅವನು ಬೇಕೆಂದೇ ಇನ್ನೊಂದು ಬಗೆಯದನ್ನು ತೆಗೆದು ಕೊಟ್ಟನು. ನೇಕಾರನು ಮೆಟ್ಟಿಲಿಳಿಯುವಾಗ ಕರೆಯಬೇಕೆಂಬ ಮಾತು ನಾಲಗೆಯವರೆಗೆ ಬಂದಿತು. ಅದನ್ನು ನುಂಗಿದನು. ನುಂಗುವಾಗ ಅದು ರುಚಿಯಾಗಿಯೇ ಇತ್ತು.

ಸರಿಯಾದ ಪ್ರೊಸೆಸರ್ ತನ್ನ ಭಾರಕ್ಕೇ ಪೀಠಕ್ಕಿಳಿಯುತ್ತದೆ, ಅದನ್ನು ಒತ್ತಬೇಕಾಗಿಲ್ಲ. ನೇಕಾರನು ತಂದದ್ದು ಇಳಿಯಲಿಲ್ಲ. ಅವನು ಹೆಬ್ಬೆರಳಿನಿಂದ ಒತ್ತಿದನು. ಆಗಲೂ ಇಳಿಯಲಿಲ್ಲ. ವರ್ತಕನನ್ನು ಬೈಯುತ್ತ ಅಂಗೈಯಿಟ್ಟು ಒತ್ತಿದನು.

ಸಂಜೆ ಅವನು ತಿರುಗಿ ಬಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ವರ್ತಕನ ಮುಂದೆ ಒಗೆದನು.

"ಕಳ್ಳ! ಹೊಂದದ್ದನ್ನು ಕೊಟ್ಟು ನನ್ನ ಮಗ್ಗದ ಕುತ್ತಿಗೆ ಹಿಚುಕಿದೆಯಲ್ಲ!"

"ಹೇಳಿದ್ದೆನಲ್ಲ!" ಎಂದು ವರ್ತಕನು ಅವನಿಗಿಂತ ಗಟ್ಟಿಯಾಗಿ ಕೂಗಿದನು. ಬೆಳಗಿನಿಂದ ಆ ಒಂದು ಮಾತನ್ನು ಹಲ್ಲಿನ ನಡುವೆ ಹಿಡಿದುಕೊಂಡೇ ಅವನು ಕುಳಿತಿದ್ದನು.

ಅನಂತರ ಬಟ್ಟೆಯನ್ನು ಬಿಡಿಸಿದನು. ಪ್ರೊಸೆಸರಿನ ಸೂಜಿಗಾಲುಗಳು ಮಡಿಚಿ ಮಲಗಿದ್ದವು. ಸಾಕೆಟ್ ಅಡ್ಡಲಾಗಿ ಸೀಳಿ, ಅದನ್ನು ಹೊತ್ತ ಮದರ್‌ಬೋರ್ಡೆಂಬ ಹಲಗೆಯೂ ಬಿರಿದಿತ್ತು. ಅಂತಹ ಹಲಗೆಯನ್ನು ಮಾಡುವುದನ್ನು ನಿಲ್ಲಿಸಿ ಬಹುಕಾಲವಾಗಿತ್ತು. ಅದು ಅವನಲ್ಲಿಯೂ ಇರಲಿಲ್ಲ, ಬೇರೆಲ್ಲಿಯೂ ಸಿಗುವಂತಿರಲಿಲ್ಲ. ಸೀಳಿದ ಅಂಚಿನಲ್ಲಿ ಸಾಕೆಟ್ಟಿನ ಗುರುತು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ವರ್ತಕನು ಅದನ್ನು ಓದಿದನು. ಎದ್ದು ಹಿಂದಿನ ಹಲಗೆಯಿಂದ ಅದಕ್ಕೆ ಹೊಂದುವ ಪ್ರೊಸೆಸರನ್ನು ತೆಗೆದನು. ಕೈಯಲ್ಲಿ ಹಿಡಿದು ನಿಂತನು. ಅದನ್ನು ಕೂರಿಸಲು ಜಾಗವಿರಲಿಲ್ಲ.

ಗುರುವು ಕತೆಯನ್ನು ಅಲ್ಲಿಗೆ ನಿಲ್ಲಿಸಿದನು.

ಮುರಿಗೆಯ್ಯನ ಸಿಟ್ಟು ಇಳಿದಿರಲಿಲ್ಲ. "ಒತ್ತಿ ಮುರಿದವನು ನೇಕಾರ. ಬೈದವನೂ ಅವನೇ. ವರ್ತಕನು ಮೊದಲೇ ಹೇಳಿದ್ದನು. ಹಾಗಿರುವಾಗ ತಪ್ಪು ಯಾರದು, ಹೇಳಿರಿ!" ಎಂದನು.

ಗುರುವು ಅವನನ್ನು ನೋಡಿ, "ಚೆನ್ನವೀರನ ಸಭೆ ಇನ್ನೂ ಸೇರಿಲ್ಲ" ಎಂದನು.

ಮುರಿಗೆಯ್ಯನು ಎದ್ದು ಚೆನ್ನವೀರನನ್ನು ಹುಡುಕಿಕೊಂಡು ಹೊರಟನು.