ಮಣೆಯಾದ ಸೀಟು

ಬನ್ನಿ ಮಕ್ಕಳಾ, ಕಾಲು ಮಡಚಿ ಕೂತು ಕೇಳಿ. ಒಂದು ಒಂಟೆಗೆ ಪಂದ್ಯದ ಕಾರು ಓಡಿಸೋ ಆಸೆ. ಒಳಗೆ ಕೂತರೆ ತಲೆ ಚಾವಣಿಗೆ ಬಡಿಯೋದು. ಕತ್ತು ಬಗ್ಗಿಸಿದರೆ ದಾರಿ ಕಾಣದೆ ತನ್ನ ಮೊಣಕಾಲೇ ಕಾಣೋದು.

ಹೊಲಿಗೆ ಬಲ್ಲ ಗೀಜಗನ ಹಕ್ಕಿ ಬಂದು ನೋಡಿತು. "ಸೀಟಮ್ಮಾ, ನಿನ್ನ ಮೆತ್ತೆ ತೆಗೆದು ನಿನ್ನನ್ನ ನೆಲಕ್ಕೆ ಇಳಿಸಬೇಕು."

"ನಾನೇನು ಕಾಲೊರಸೋ ಗೋಣಿಯಾ? ಎತ್ತರ ಹೋದರೆ ಮರ್ಯಾದೆಯೂ ಹೋಯ್ತು. ಬೇಕಾದರೆ ಅದರ ಡುಬ್ಬ ಕೊಯ್ಯಿ!" ಅಂತ ಸೀಟು ಸಿಡುಕಿತು.

ಒಂಟೆ ಮೆಲ್ಲಗೆ ಕೆಳಗಿಳಿಯಿತು. "ಬೇಡ ಬಿಡಪ್ಪ ಗೀಜಗ. ಅದರ ಮನಸ್ಸು ನೋಯಿಸಿ ನಾನು ಕೂರಲಾರೆ. ಈ ಕಾರನ್ನ ಯಾವುದಾದರೂ ಪುಟ್ಟ ಮೊಲ ಓಡಿಸಲಿ."

ಆಗ ಗೀಜಗ ಸೀಟನ್ನ ಕೇಳಿತು, "ಮದುಮಗನನ್ನ ಯಾವುದರ ಮೇಲೆ ಕೂರಿಸ್ತಾರೆ?"

"ಮಣೆ ಮೇಲೆ."

"ಮಣೆ ಎಷ್ಟೆತ್ತರ ಇರುತ್ತೆ?"

ಸೀಟು ಒಂಟೆಯನ್ನ ಕೂಗಿ ಕರೆಯಿತು. "ಒಂಟೆಯಣ್ಣಾ, ಹೋಗಬೇಡ. ಗೀಜಗ, ಹೊಲಿಗೆ ಬಿಚ್ಚು," ಅಂದಿತು.

ಒಂಟೆ ಪಂದ್ಯವನ್ನೇನೂ ಗೆಲ್ಲಲಿಲ್ಲ, ಆದರೆ ದಾರಿಯುದ್ದಕ್ಕೂ ತಲೆ ಎತ್ತಿಕೊಂಡೇ ಹೋಯಿತು. ತೆಗೆದ ಹತ್ತಿಯಲ್ಲಿ ಗೀಜಗ ತನ್ನ ಮರಿಗಳಿಗೆ ಹಾಸಿಗೆ ಮಾಡಿತು. ಸೀಟಂತೂ, ಯಾರಾದರೂ ಸೀಟು ಅಂತ ಕರೆದರೆ ಈಗಲೂ ತಿದ್ದುತ್ತೆ: "ಮಣೆ ಅನ್ನಿ."