ದುಂಡಪ್ಪನ ಒಂದು ಕಾಳು, ನೀಲವ್ವನ ನಾನೂರು ಕಾಳು

ತೊಗರಿಗಿರಿ ಅಂತ ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ. ನಡೆದು ಹೋದರೆ ಮೂರು ದಿನ. ಎತ್ತಿನ ಗಾಡಿಯಲ್ಲಿ ಹೋದರೆ ನಾಲ್ಕು ದಿನ. ಅಂಥಾ ದಾರಿ ಅದು.

ಆ ರಾಜ್ಯಕ್ಕೆ ಕೊಂಡಭೂಪ ಅಂತ ರಾಜ. ಒಳ್ಳೆಯವನು. ಆದರೆ ಬಲು ಅವಸರದವನು. ಹೆಂಚಿನ ಮೇಲಿನ ರೊಟ್ಟಿಗೇ ಕೈ ಹಾಕಿ ಬೆರಳು ಸುಟ್ಟುಕೊಳ್ಳುವವನು.

ಅಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದ ಮೇಲೆ ಪ್ರತಿ ಹೊಲದವರೂ ಒಂದಿಷ್ಟು ಬೀಜದ ಜೋಳ ಅರಮನೆಯ ಉಗ್ರಾಣಕ್ಕೆ ಕೊಡಬೇಕು. ನೂರು ಹೊಲದ ಜೋಳ, ನೂರು ಚೀಲ. ಬಿತ್ತನೆ ಬಂದಾಗ ಉಗ್ರಾಣದಿಂದ ಎಲ್ಲರಿಗೂ ಹಂಚುವುದು. ಹಂಚುವ ಮುಂಚೆ ಪರೀಕ್ಷೆ. ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡುವುದು. ನಾಲ್ಕನೆಯ ದಿನ ಬಿಚ್ಚುವುದು. ನೂರಕ್ಕೆ ಎಂಬತ್ತು ಮೊಳೆತರೆ ಬಿತ್ತಬಹುದು. ಅದಕ್ಕಿಂತ ಕಡಿಮೆ ಇದ್ದರೆ ಬಿತ್ತಬಾರದು. ಅಜ್ಜನ ಕಾಲದ ಕಟ್ಟಳೆ.

ಈ ಪರೀಕ್ಷೆಯ ಕೆಲಸ ಹಾಲಪ್ಪನದು. ಸಾಧು ಮನುಷ್ಯ. ಉಗ್ರಾಣದ ಬೀಗದ ಕೈ ಮಾತ್ರ ದುಂಡಪ್ಪನ ಸೊಂಟದಲ್ಲಿ. ದುಂಡಪ್ಪ ಉಗ್ರಾಣದ ಅಧಿಕಾರಿ. ಹೆಸರಿಗೆ ತಕ್ಕ ಹೊಟ್ಟೆ. ಹೊಟ್ಟೆಗೆ ತಕ್ಕ ಆಸೆ.

ಮೊದಲನೆಯ ವರ್ಷ ದುಂಡಪ್ಪ ಒಂದು ಕೆಲಸ ಮಾಡಿದ. ಚೀಲಗಳ ಹೊಟ್ಟೆಯಲ್ಲಿದ್ದ ಒಳ್ಳೆಯ ಜೋಳ ತೆಗೆದು ತನ್ನ ಮನೆಯ ಹಗೇವಿಗೆ ಸುರಿದ. ನೆಲದಲ್ಲಿ ಗುಂಡಿ ತೋಡಿ ಕಾಳು ಇಡುತ್ತಾರಲ್ಲ, ಅದು ಹಗೇವು. ಒಳ್ಳೆಯ ಜೋಳದ ಜಾಗಕ್ಕೆ ನುಸಿ ತಿಂದ ಹಳೆಯ ಜೋಳ ತುಂಬಿದ. ಮೇಲೆ, ಬಾಯಿಯ ಹತ್ತಿರ, ಒಳ್ಳೆಯದನ್ನೇ ಬಿಟ್ಟ. ಆಮೇಲೆ ಹಾಲಪ್ಪನ ಹತ್ತಿರ ಬಂದ.

"ಎಷ್ಟು ಕಾಳು ನೆನಸತೀಯೋ ಹಾಲಪ್ಪ? ಅನ್ನ ಬೆಂದೈತೋ ಇಲ್ಲೋ ಅಂತ ನೋಡಾಕ ಗಡಿಗೆ ತುಂಬ ಹಿಚುಕತಾರೇನು? ಒಂದು ಅಗುಳು ಸಾಕು."

ಹಾಲಪ್ಪನಿಗೆ ಹೌದು ಅನ್ನಿಸಿತು. ಚೀಲದ ಬಾಯಿಂದ ನಾಲ್ಕು ಕಾಳು ತೆಗೆದ. ನಾಲ್ಕೂ ಮೊಳೆತವು. ಬಿತ್ತಿರಿ ಅಂದ. ಜನ ಬಿತ್ತಿದರು. ಅರ್ಧ ಹೊಲ ಬೋಳು ಬಿದ್ದಿತು.

ರಾಜ ಕೂಗಾಡಿದ. "ಕೆಟ್ಟ ಬೀಜವನ್ನು ಒಳ್ಳೇದು ಅಂದೆಯಾ? ಇನ್ನೊಮ್ಮೆ ಹೀಗಾದರೆ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ, ಗಡಿ ದಾಟಿಸತೇನೆ!"

ಎರಡನೆಯ ವರ್ಷ ಹಾಲಪ್ಪ ಹೆದರಿದ್ದ. ಒಂದು ಕಾಳು ಮೊಳೆಯದಿದ್ದರೂ ಸಾಕು, ಚೀಲ ಬೇಡ ಅಂದ. ಒಂದು ಕಾಳು ಓರೆಯಾಗಿ ಕಂಡರೂ ಬೇಡ ಅಂದ. ನೂರು ಚೀಲದಲ್ಲಿ ಎಪ್ಪತ್ತು ಚೀಲ ಬೇಡ ಅಂದ. ಬೇಡ ಅಂದ ಜೋಳ ದನಕ್ಕೆ ಅಂತ ದುಂಡಪ್ಪನ ಮನೆಗೆ ಹೋಗುವ ಪದ್ಧತಿ ಬೇರೆ ಇತ್ತು. ಅದರಲ್ಲಿ ಬಹುಪಾಲು ಚೊಕ್ಕ ಜೋಳವೇ. ಜನರಿಗೆ ಬಿತ್ತಲು ಬೀಜ ಸಾಲಲಿಲ್ಲ.

ರಾಜ ಮತ್ತೆ ಕೂಗಾಡಿದ. "ಒಳ್ಳೆ ಬೀಜವನ್ನು ಕೆಟ್ಟದ್ದು ಅಂದೆಯಾ? ಇನ್ನೊಮ್ಮೆ ಹೀಗಾದರೂ ಕತ್ತೆ, ಬೋಳುತಲೆ, ಗಡಿ!"

ನೋಡಿ. ಹಾಲಪ್ಪ ಯಾವ ಕಡೆ ತಪ್ಪಿದರೂ ದುಂಡಪ್ಪನ ಹಗೇವು ತುಂಬುತ್ತಿತ್ತು.

ಮೂರನೆಯ ವರ್ಷ ಬಂತು. ಬಿತ್ತನೆಗೆ ಇನ್ನು ಹದಿನೈದೇ ದಿನ. ದುಂಡಪ್ಪ ಆಗಲೇ ಚೀಲಗಳ ಹೊಟ್ಟೆಗೆ ನುಸಿ ಜೋಳ ತುಂಬಿದ್ದ. ಹಾಲಪ್ಪ ಊಟದ ತಾಟಿನ ಮುಂದೆ ರೊಟ್ಟಿ ಮುಟ್ಟದೆ ಕೂತಿದ್ದ. ಹೆಂಡತಿ ನೀಲವ್ವ ನೋಡಿದಳು.

"ಯಾಕ್ರಿ, ರೊಟ್ಟಿ ತಣ್ಣಗಾದ್ವು. ನಿಮ್ಮ ಮುಖದ ಹಂಗ."

"ಕೆಟ್ಟ ಬೀಜ ಬಿಟ್ಟರ ಕತ್ತೆ. ಒಳ್ಳೆ ಬೀಜ ತಳ್ಳಿದರ ಕತ್ತೆ. ನಾ ಏನ ಮಾಡಲಿ?"

"ಎರಡಕ್ಕೂ ಅದೇ ಕತ್ತೆ ಏನ್ರಿ? ಪಾಪ, ಅದಕ್ಕೂ ಪುರುಸೊತ್ತಿಲ್ಲ."

"ನಗಬ್ಯಾಡ. ನನ್ನನ್ನ ಗಡಿ ದಾಟಿಸಿದರ ನೀ ಏನ ಮಾಡತಿ?"

"ಕತ್ತೆ ಹಿಂದ ನಡಕೋತ ಬರತೀನಿ. ಮನ್ಯಾಗ ಉಪ್ಪು ಎಲ್ಲೈತಿ ಅನ್ನೋದು ನಿಮಗ ಗೊತ್ತಿಲ್ಲ. ನಾ ಇಲ್ಲದ ನೀವು ಒಂದು ದಿನ ಬದುಕತೀರೇನು?"

ಹಾಲಪ್ಪ ನಕ್ಕ. ನಕ್ಕ ಮೇಲೆ ಒಂದು ರೊಟ್ಟಿ ಮುರಿದ.

"ಈಗ ಹೇಳ್ರಿ. ಕಾಳು ಎಲ್ಲಿಂದ ತೆಗಿತೀರಿ? ಎಷ್ಟು ತೆಗಿತೀರಿ?"

"ಚೀಲದ ಬಾಯಿಂದ. ನಾಲ್ಕು. ಅನ್ನಕ್ಕ ಒಂದು ಅಗುಳು ಸಾಕಲ್ಲ?"

ನೀಲವ್ವ ಹಣೆ ಬಡಿದುಕೊಂಡಳು. "ಅನ್ನ ಒಂದೇ ಗಡಿಗೆಯೊಳಗ, ಒಂದೇ ಬೆಂಕಿ ಮ್ಯಾಲ ಕುದಿತೈತಿ. ಸೌಟು ಹಾಕಿ ತಿರುವಿರತೀವಿ. ಅದಕ್ಕ ಒಂದು ಅಗುಳು ಸಾಕು. ಈ ಜೋಳ ನೂರು ಹೊಲದಿಂದ ಬಂದೈತಿ. ಇದನ್ನ ಯಾರು ತಿರುವ್ಯಾರ? ಏಳ್ರಿ, ನಾನೂ ಬರತೀನಿ."

ಒಂದು ಬಿದಿರಿನ ಕೊಳವೆ ತಂದಳು. ತುದಿಯನ್ನು ಓರೆಯಾಗಿ ಕತ್ತರಿಸಿದಳು. ನೂರು ಚೀಲಕ್ಕೂ ಚುಚ್ಚಿದಳು. ಬಾಯಿಗೊಮ್ಮೆ, ಹೊಟ್ಟೆಗೊಮ್ಮೆ, ತಳಕ್ಕೊಮ್ಮೆ. ಬಂದ ಕಾಳೆಲ್ಲ ಮೊರಕ್ಕೆ ಹಾಕಿ ಚೆನ್ನಾಗಿ ಕಲಸಿದಳು. ಆಮೇಲೆ ಕಣ್ಣು ಮುಚ್ಚಿ ಕಾಳು ತೆಗೆದು ಮೂರು ಗಂಟು ಕಟ್ಟಿದಳು. ಒಂದರಲ್ಲಿ ಹತ್ತು ಕಾಳು. ಒಂದರಲ್ಲಿ ನೂರು. ಒಂದರಲ್ಲಿ ನಾನೂರು.

ನಾಲ್ಕನೆಯ ದಿನ ಮೊದಲನೆಯ ಗಂಟು ಬಿಚ್ಚಿದರು. ಹತ್ತರಲ್ಲಿ ಆರು ಮೊಳೆತಿದ್ದವು.

"ನೂರಕ್ಕ ಅರವತ್ತು! ಕೆಟ್ಟ ಬೀಜ!" ಅಂತ ಹಾಲಪ್ಪ ಎದ್ದೇಬಿಟ್ಟ.

"ಕೂಡ್ರಿ. ಹತ್ತೇ ಕಾಳು ನೋಡಿದರ ಅದು ಭಾಳ ಓಲಾಡತೈತಿ. ನಿಜವಾಗಿ ನೂರಕ್ಕ ಮೂವತ್ತೂ ಇರಬಹುದು, ತೊಂಬತ್ತೂ ಇರಬಹುದು. ನಮ್ಮ ಎಂಬತ್ತು ಅದರೊಳಗ ಕುಂತೈತಿ. ಈಗಲೇ ಒಳ್ಳೇದು ಅಂದರೂ ತಪ್ಪು, ಕೆಟ್ಟದ್ದು ಅಂದರೂ ತಪ್ಪು. ಇನ್ನೂ ಗೊತ್ತಿಲ್ಲ ಅನ್ನಬೇಕು."

ಎರಡನೆಯ ಗಂಟು ಬಿಚ್ಚಿದರು. ನೂರರಲ್ಲಿ ಐವತ್ತೆರಡು.

"ಈಗ ನಲವತ್ತೆರಡರಿಂದ ಅರವತ್ತೆರಡರ ನಡುವೆ. ಎಂಬತ್ತು ಹೊರಗ ಬಿತ್ತು ನೋಡ್ರಿ."

ಮೂರನೆಯ ಗಂಟು. ನಾನೂರರಲ್ಲಿ ಇನ್ನೂರ ಎಂಟು.

"ನಲವತ್ತೇಳರಿಂದ ಐವತ್ತೇಳರ ನಡುವೆ. ನಾಲ್ಕು ಪಟ್ಟು ಕಾಳು ನೆನಸಿದರ ಓಲಾಟ ಅರ್ಧ ಆಗತೈತಿ. ಇನ್ನು ಧೈರ್ಯವಾಗಿ ಹೇಳಬಹುದು. ಈ ಬೀಜ ಬಿತ್ತಬಾರದು."

"ಇಷ್ಟರಿಂದ ಇಷ್ಟರ ನಡುವೆ ಅಂತ ನಿನಗ ಹೆಂಗ ಗೊತ್ತು?"

"ನಮ್ಮವ್ವ ಕಲಿಸಿದ್ದು. ಒಂದೇ ರಾಶಿಯಿಂದ ನೂರು ನೂರು ಕಾಳಿನ ಇಪ್ಪತ್ತು ಗಂಟು ಕಟ್ಟತಿದ್ಲು. ರಾಶಿ ಒಂದೇ. ಆದರ ಒಂದು ಗಂಟಿಗೆ ಐವತ್ತು, ಒಂದಕ್ಕ ಐವತ್ತೇಳು, ಒಂದಕ್ಕ ನಲವತ್ತಾರು. ಹತ್ತರ ಆಚೆ ಈಚೆ ಓಲಾಡತಿತ್ತು. ಇಪ್ಪತ್ತರಾಗ ಒಂದು ಗಂಟು ಮಾತ್ರ ಅದನ್ನೂ ಮೀರಿ ಜಿಗಿತಿತ್ತು. ವರ್ಷಾ ವರ್ಷಾ ಹಂಗೇ."

ಮರುದಿನ ಇಬ್ಬರೂ ಆಸ್ಥಾನಕ್ಕೆ ಹೋದರು. ದುಂಡಪ್ಪನೂ ಬಂದಿದ್ದ. ಅರಮನೆ ಬಾಗಿಲಿಗೆ ಕತ್ತೆ ಕಟ್ಟಿದ್ದರು. ಕ್ಷೌರಿಕ ಕತ್ತಿ ಮಸೆಯುತ್ತಾ ಕೂತಿದ್ದ.

"ಹೇಳು ಹಾಲಪ್ಪ. ಬೀಜ ಹೇಗಿದೆ?" ಅಂದ ರಾಜ.

ಹಾಲಪ್ಪ ಹೆಂಡತಿಯ ಕಡೆ ನೋಡಿದ. ನೀಲವ್ವ ಮುಂದೆ ಬಂದಳು. "ನೂರಕ್ಕ ನಲವತ್ತೇಳರಿಂದ ಐವತ್ತೇಳರ ನಡುವೆ ಮೊಳಿತಾವ್ರಿ ಮಾರಾಜರ. ಬಿತ್ತಬಾರದು."

"ನಡುವೆ ಅಂದರೆ? ಒಂದು ಲೆಕ್ಕ ಹೇಳಮ್ಮಾ!"

"ಒಂದೇ ಲೆಕ್ಕ ಹೇಳಿದರ ಸುಳ್ಳು ಹೇಳಿದಂಗ ಆಗತೈತ್ರಿ."

ದುಂಡಪ್ಪ ಹೊಟ್ಟೆ ಕುಣಿಸಿ ನಕ್ಕ. "ಕೇಳಿದಿರಾ ಮಾರಾಜರ? ಇವರಿಗೆ ಎಣಿಸಾಕೂ ಬರೂದಿಲ್ಲ. ನಾ ಹೇಳತೀನಿ ನೋಡ್ರಿ." ಒಂದು ಚೀಲ ತರಿಸಿದ. ಬಾಯಿಂದ ಒಂದು ಕಾಳು ತೆಗೆದ. ಹಲ್ಲಿನಲ್ಲಿ ಕಟ್ ಅನ್ನಿಸಿದ. "ನೂರಕ್ಕ ನೂರು! ಎಲ್ಲ ಚೀಲಾನೂ ಹಿಂಗೇ. ಒಂದು ಅಗುಳು ಸಾಕು!"

ಸಭೆ ಚಪ್ಪಾಳೆ ತಟ್ಟಿತು. ಅವಸರದ ರಾಜನಿಗೆ ಅವಸರದ ಉತ್ತರ ರುಚಿಸಿತು. "ಹಾಲಪ್ಪ, ಮತ್ತೆ ಒಳ್ಳೆ ಬೀಜ ತಳ್ಳುತ್ತಿದ್ದೀಯಾ? ಕ್ಷೌರಿಕನನ್ನು ಕರೀರಿ!"

ಹಾಲಪ್ಪ ತಲೆ ಮುಟ್ಟಿ ನೋಡಿಕೊಂಡ.

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಲೆ ಎಲ್ಲಿಗೂ ಹೋಗೂದಿಲ್ರಿ ಮಾರಾಜರ. ಅದಕ್ಕ ಮೊದಲು ಒಂದು ಮಾತು. ದುಂಡಪ್ಪನವರ ಹೊಲ ಊರಿಗೇ ಫಲವತ್ತಾದದ್ದು. ಈ ಬೀಜಾನ ಮೊದಲು ಅಲ್ಲೇ ಬಿತ್ತೋಣ. ಈ ವರ್ಷ ಅವರ ಮನೆಯವರು ಆ ಹೊಲದ ಬೆಳೆಯನ್ನಷ್ಟೇ ಉಣ್ಣಲಿ. ನೂರಕ್ಕ ನೂರು ಅಂದವರಿಗೆ ಭಯ ಯಾಕ?"

"ಸರಿಯಾದ ಮಾತು," ಅಂದ ರಾಜ. "ಏನು ದುಂಡಪ್ಪ?"

ದುಂಡಪ್ಪನ ಮುಖದ ಮೇಲೆ ಒಂದು ಹನಿ ಬೆವರು ಬಂತು. ಆದರೂ ನಕ್ಕ. "ಆಗಲ್ರಿ, ಬಿತ್ತಸೋಣ. ಬೀಜ ಮಾತ್ರ ನಾನೇ ಆರಿಸಿಕೊಳ್ಳತೀನಿ. ಚೀಲದ ಬಾಯಿಂದ."

"ಬಾಯಿ ಯಾಕ್ರಿ ಅಣ್ಣಾರ?" ಅಂದಳು ನೀಲವ್ವ. "ಒಂದು ಕಾಳು ಎಲ್ಲ ಕಾಳಿನ ಮಾತು ಹೇಳತೈತಿ ಅಂದಿರಿ. ಹಂಗಾದರ ಬಾಯೇನು, ಹೊಟ್ಟೆಯೇನು? ಹೊಟ್ಟೆಯಿಂದಲೇ ತಗೊಳ್ರಿ."

"ಹೊಟ್ಟೆಯದು ಬ್ಯಾಡ!"

"ಯಾಕ?"

"ಅಲ್ಲಿ... ಅಲ್ಲಿ ಗಾಳಿ ಆಡೂದಿಲ್ಲ. ಅಲ್ಲಿ ನುಸಿ..." ದುಂಡಪ್ಪ ನಾಲಿಗೆ ಕಚ್ಚಿಕೊಂಡ.

ರಾಜ ಸಿಂಹಾಸನದಿಂದ ಮುಂದಕ್ಕೆ ಬಾಗಿದ. ಅವತ್ತು ಮೊದಲ ಸಲ ಅವನು ಅವಸರ ಮಾಡಲಿಲ್ಲ. ನಿಧಾನಕ್ಕೆ ಕೇಳಿದ.

"ದುಂಡಪ್ಪ, ನೀನು ನೋಡಿದ್ದು ಒಂದೇ ಕಾಳು. ಅದೂ ಬಾಯಿಂದ. ಹೊಟ್ಟೆಯಲ್ಲಿ ನುಸಿ ಇರೋದು ನಿನಗೆ ಹೇಗೆ ಗೊತ್ತು?"

ದುಂಡಪ್ಪ ಮೇಲೆ ನೋಡಿದ. ಕೆಳಗೆ ನೋಡಿದ. ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಕತ್ತೆ ನಿಂತಿತ್ತು.

ಆಳುಗಳು ಅವನ ಹಗೇವು ತೆಗೆದರು. ಮೂರು ವರ್ಷದ ಚೊಕ್ಕ ಜೋಳ ಸಿಕ್ಕಿತು. ಅದನ್ನೂ ನೀಲವ್ವ ಚುಚ್ಚಿ, ಕಲಸಿ, ನಾನೂರು ಕಾಳು ನೆನೆಸಿದಳು. ನೂರಕ್ಕೆ ಎಂಬತ್ತೈದರಿಂದ ತೊಂಬತ್ತೊಂದರ ನಡುವೆ ಬಂತು. ಬಿತ್ತಿರಿ ಅಂದಳು. ಊರೆಲ್ಲ ಬಿತ್ತಿತು. ಎಲ್ಲ ಹೊಲವೂ ಹಸಿರಾಯಿತು.

ದುಂಡಪ್ಪನನ್ನು ಗಡಿ ದಾಟಿಸಲಿಲ್ಲ. ನೀಲವ್ವನೇ ಬೇಡ ಅಂದಳು. ಅವನ ಸೊಂಟದ ಬೀಗದ ಕೈ ಬಿಚ್ಚಿಸಿ ಮೊಳಕೆ ಎಣಿಸುವ ಕೆಲಸಕ್ಕೆ ಹಾಕಿದರು. ದಿನಕ್ಕೆ ನಾನೂರು. ತಪ್ಪಿದರೆ ಮತ್ತೆ ಒಂದರಿಂದ. ಆರು ತಿಂಗಳಲ್ಲಿ ಹೊಟ್ಟೆ ಇಳಿಯಿತು.

ಒಂದು ದಿನ ರಾಜ ನೀಲವ್ವನನ್ನು ಕರೆದ. "ಅಮ್ಮಾ, ನೀನು ಜಾಣೆ. ಇನ್ನು ಮುಂದೆ ಎರಡು ತಪ್ಪೂ ಆಗದ ಹಾಗೆ ಮಾಡಿಬಿಡು. ಕೆಟ್ಟದ್ದು ಒಳಗೆ ಬರಬಾರದು. ಒಳ್ಳೇದು ಹೊರಗೆ ಹೋಗಬಾರದು."

"ಅದು ಆಗೂದಿಲ್ರಿ ಮಾರಾಜರ."

"ಯಾಕೆ?"

"ಜರಡಿ ಕಣ್ಣು ಸಣ್ಣ ಮಾಡಿದರ ಒಳ್ಳೆ ಕಾಳೂ ಮ್ಯಾಲೇ ನಿಲ್ಲತೈತಿ. ದೊಡ್ಡದು ಮಾಡಿದರ ಹರಳೂ ಕೆಳಗ ಇಳಿತೈತಿ. ಒಂದು ತಪ್ಪಿಗೆ ಹೆದರಿ ಓಡಿದರ ಇನ್ನೊಂದರ ಮಡಿಲಿಗೆ ಬೀಳತೀವಿ. ನಮ್ಮ ಮನೆಯವರಿಗೆ ಆಗಿದ್ದು ಅದೇ. ಎರಡೂ ಕಡಿಮಿ ಆಗಬೇಕಂದರ ಹೆಚ್ಚು ಕಾಳು ನೆನಸಬೇಕು. ಪೂರಾ ಹೋಗೂದಿಲ್ಲ. ಇನ್ನ ಯಾವ ತಪ್ಪು ಹೆಚ್ಚು ಸುಡತೈತಿ, ಅದನ್ನ ನೀವು ಹೇಳಬೇಕು. ತಳ್ಳಿದ ಒಳ್ಳೆ ಜೋಳ ರೊಟ್ಟಿಗಾದರೂ ಆಗತೈತಿ. ಬಿತ್ತಿದ ಕೆಟ್ಟ ಜೋಳ ಒಂದು ವರ್ಷಾನೇ ನುಂಗತೈತಿ."

ರಾಜ ತಲೆ ಕೆರೆದುಕೊಂಡ. "ಹಾಗಾದರೆ ನಿನ್ನ 'ಇಷ್ಟರಿಂದ ಇಷ್ಟು' ಕೂಡ ತಪ್ಪಬಹುದಾ?"

"ಹೌದ್ರಿ. ಇಪ್ಪತ್ತು ಸಲ ಹೇಳಿದರ ಒಂದು ಸಲ ತಪ್ಪತೀನಿ."

"ಯಾವ ಸಲ?"

"ಅದು ಗೊತ್ತಿದ್ದರ ಆ ಸಲ ಬಾಯೇ ಬಿಡತಿರಲಿಲ್ರಿ."

ರಾಜ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಡಂಗುರ ಸಾರಿಸಿದ. ಮುಚ್ಚುಮರೆ ಇಲ್ಲದೆ ನೋಡಿ, ಎಣಿಸಿ, ಆಮೇಲೆ ತಪ್ಪಿದವನಿಗೆ ಇನ್ನು ಮುಂದೆ ಶಿಕ್ಷೆ ಇಲ್ಲ. ನೋಡದೆ ಖಂಡಿತ ಅಂದವನಿಗೆ ಇದೆ.

ಮಕ್ಕಳೇ, ನೀತಿ ಇಷ್ಟೇ. ಒಂದು ಕಾಳು ನೋಡಿ ರಾಶಿಗೆ ಹೆಸರಿಡಬೇಡಿ. ಒಬ್ಬನನ್ನು ನೋಡಿ ಊರಿಗೂ ಹೆಸರಿಡಬೇಡಿ. ಒಳ್ಳೆಯದನ್ನು ತಳ್ಳುವುದೂ ತಪ್ಪು, ಕೆಟ್ಟದ್ದನ್ನು ಬಿಟ್ಟುಕೊಳ್ಳುವುದೂ ತಪ್ಪು. ಎರಡನ್ನೂ ನೆನಪಿಡಿ. ಯಾರಾದರೂ ಎದೆ ತಟ್ಟಿ ನೂರಕ್ಕೆ ನೂರು ಅಂದರೆ, ಎಷ್ಟು ನೋಡಿ ಹೇಳಿದೆ ಅಂತ ಕೇಳಿ. ಇಷ್ಟರಿಂದ ಇಷ್ಟರ ನಡುವೆ, ನಾನೂ ತಪ್ಪಬಹುದು ಅಂತ ಹೇಳುವವರು ಸಿಕ್ಕರೆ, ಅವರನ್ನು ಹತ್ತಿರ ಇಟ್ಟುಕೊಳ್ಳಿ. ಅಂಥವರು ಬಹಳ ಸಿಗುವುದಿಲ್ಲ.